ಕೆಂಪು ಹೋದರೆ ಹುಳಕಡ್ಡಿ ಹೋದಂತಲ್ಲ: ಮುಖದ ಫಂಗಸ್‌ಗೆ ಕ್ರೀಮು ಹಚ್ಚುವ ಮುಂಚೆ

ಬೇಸಿಗೆ ಶುರುವಾಯಿತೆಂದರೆ ದಾವಣಗೆರೆಯ ನಮ್ಮ ಮೆಡಿಕಲ್ ಶಾಪಿಗೆ ಒಂದು ಥರದ ಗಿರಾಕಿಗಳು ಜಾಸ್ತಿ ಬರುತ್ತಾರೆ. ಕೆನ್ನೆ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಾರೆ, ಪಕ್ಕದವರು ಹೋಗಲಿ ಅಂತ ಕಾಯುತ್ತಾರೆ, ಆಮೇಲೆ ಮೆಲ್ಲಗೆ "ಅಣ್ಣಾ, ಹುಳಕಡ್ಡಿಗೆ ಒಂದು ಟ್ಯೂಬ್ ಕೊಡ್ರಿ" ಅನ್ನುತ್ತಾರೆ. ಸೊಂಟದಲ್ಲೋ ತೊಡೆ ಸಂದಿಯಲ್ಲೋ ಆಗಿದ್ದರೆ ತಿಂಗಳುಗಟ್ಟಲೆ ಕೆರೆದುಕೊಂಡು ಸುಮ್ಮನಿರುವ ಜನ, ಮುಖಕ್ಕೆ ಬಂದ ಮಾರನೇ ದಿನವೇ ಓಡಿ ಬರುತ್ತಾರೆ. ಮದುವೆ ಸೀಜನ್ ಬೇರೆ. "ನಾಡಿದ್ದು ಫಂಕ್ಷನ್ ಐತಿ, ಎರಡು ದಿನದಾಗ ಹೋಗಂಥದ್ದು ಕೊಡ್ರಿ" ಎಂಬ ಮಾತು ವಾರಕ್ಕೆ ಎಷ್ಟು ಸಲ ಕೇಳುತ್ತೇನೋ.

ಎರಡು ದಿನದಲ್ಲಿ ಕೆಂಪು ಹೋಗುವ ಟ್ಯೂಬ್ ಇದೆ. ಎರಡು ದಿನದಲ್ಲಿ ಫಂಗಸ್ ಹೋಗುವ ಟ್ಯೂಬ್ ಇಲ್ಲ. ಇವೆರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಮುಖ ಹಾಳು ಮಾಡಿಕೊಂಡಿದ್ದಾರೆ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಕೇಳಿದವರಿಗೆ ಕೇಳಿದ ಟ್ಯೂಬ್ ಕೊಟ್ಟಿದ್ದೇನೆ. ಆ ಬೇಸರ ಇನ್ನೂ ಇದೆ. ಅದಕ್ಕೇ ಇದನ್ನು ಬುಡದಿಂದ ಬರೆಯುತ್ತಿದ್ದೇನೆ.

ಹುಳಕಡ್ಡಿಯಲ್ಲಿ ಹುಳ ಇದೆಯಾ?

ಇಲ್ಲ. ಹೆಸರಲ್ಲಿ ಮಾತ್ರ ಹುಳ. ಗಜಕರ್ಣ ಅನ್ನಿ, ಹುಳಕಡ್ಡಿ ಅನ್ನಿ, ಅದು ಫಂಗಸ್. ಮಳೆಗಾಲದಲ್ಲಿ ಹಳೇ ಚಪ್ಪಲಿ ಮೇಲೆ, ತಂಗಳು ರೊಟ್ಟಿ ಮೇಲೆ ಬೂಷ್ಟು ಬರುತ್ತದಲ್ಲ, ಅದೇ ಕುಲದ್ದು. ರೊಟ್ಟಿ ಮೇಲಿನ ಬೂಷ್ಟು ಹಿಟ್ಟನ್ನು ತಿನ್ನುತ್ತದೆ. ಇದು ಕೆರಾಟಿನ್ ತಿನ್ನುತ್ತದೆ. ಕೆರಾಟಿನ್ ಅಂದರೆ ನಮ್ಮ ಕೂದಲು, ಉಗುರು, ಚರ್ಮದ ಮೇಲ್ಪದರ, ಎಮ್ಮೆಯ ಕೊಂಬು, ಗೊರಸು ಇವೆಲ್ಲ ಆಗಿರುವ ಗಟ್ಟಿ ವಸ್ತು.

ಚರ್ಮದ ಮೇಲ್ಪದರದಲ್ಲಿ ಇರುವುದು ಸತ್ತ ಕೋಶಗಳು. ಕೆಳಗೆ ಹೊಸ ಕೋಶ ಹುಟ್ಟುತ್ತದೆ, ಮೇಲೆ ಬರುತ್ತಾ ಒಣಗುತ್ತದೆ, ಕೊನೆಗೆ ಉದುರುತ್ತದೆ. ಹೀಗೆ ಒಂದು ಸುತ್ತು ಆಗಲು ಸುಮಾರು ಒಂದು ತಿಂಗಳು ಬೇಕು. ಫಂಗಸ್ ಮನೆ ಮಾಡಿಕೊಳ್ಳುವುದು ಈ ಸತ್ತ ಪದರದಲ್ಲಿ, ರಕ್ತದಲ್ಲಲ್ಲ. "ರಕ್ತ ಕೆಟ್ಟಿದೆ" ಅಂತ ರಕ್ತ ಶುದ್ಧಿಯ ಟಾನಿಕ್ ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಇಷ್ಟೇ: ಅದು ರಕ್ತದ ತನಕ ಹೋಗೇ ಇಲ್ಲ.

ಉಂಗುರ ಯಾಕೆ ಆಗುತ್ತದೆ

ಬೇಸಿಗೆಯಲ್ಲಿ ಚಿತ್ರದುರ್ಗದ ಕಡೆ ಗುಡ್ಡದ ಒಣ ಹುಲ್ಲಿಗೆ ಬೆಂಕಿ ಬಿದ್ದಾಗ ದೂರದಿಂದ ನೋಡಿದ್ದೀರಾ? ನಡುವೆ ಎಲ್ಲ ಸುಟ್ಟು ತಣ್ಣಗಾಗಿರುತ್ತದೆ, ಬೆಂಕಿ ಇರುವುದು ಅಂಚಿನಲ್ಲಿ ಮಾತ್ರ, ಅದು ಹೊರಗೆ ಹೊರಗೆ ಸರಿಯುತ್ತಾ ಹೋಗುತ್ತದೆ. ಹುಳಕಡ್ಡಿಯೂ ಹಾಗೇ. ನಡುವೆ ಮೇವು ತೀರಿದೆ, ಮೈಯೂ ಅಲ್ಲಿ ಹೋರಾಡಿ ಗೆದ್ದಿದೆ, ಆದ್ದರಿಂದ ನಡುವಿನ ಚರ್ಮ ಸ್ವಲ್ಪ ಸರಿಯಾಗಿ ಕಾಣುತ್ತದೆ. ಅಂಚಿನಲ್ಲಿ ಫಂಗಸ್ ಇನ್ನೂ ತಿನ್ನುತ್ತಿರುತ್ತದೆ, ಅಲ್ಲೇ ಕೆಂಪು, ಹೊಟ್ಟು, ನವೆ. ಬೆಂಕಿ ಕಣ್ಣಿಗೆ ಕಾಣುವ ಅಂಚಿನಿಂದ ಆಚೆಗೂ ಕಿಡಿ ಹಾರಿರುತ್ತದೆ. ಫಂಗಸ್ಸಿನ ಎಳೆಗಳೂ ಕೆಂಪು ಅಂಚಿನ ಆಚೆಗೆ, ಚೆನ್ನಾಗಿ ಕಾಣುವ ಚರ್ಮದೊಳಗೆ ಹೋಗಿರುತ್ತವೆ. ಕ್ರೀಮು ಹಚ್ಚುವ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಆದರೆ ಮುಖದಲ್ಲಿ ಉಂಗುರ ಹೀಗೆ ಸ್ಪಷ್ಟವಾಗಿ ಬರುವುದು ಕಡಿಮೆ. ಬಿಸಿಲು, ಬೆವರು, ಪದೇಪದೇ ತೊಳೆಯುವುದು, ಪೌಡರು, ಕ್ರೀಮು, ಇದೆಲ್ಲ ಸೇರಿ ಗೆರೆ ಅಳಿಸಿ ಹೋಗುತ್ತದೆ. ಬರೀ ಕೆಂಪು ಕೆಂಪಾಗಿ, ಬಿಸಿಲಿಗೆ ಹೋದರೆ ಉರಿಯುವ ಮಚ್ಚೆಯಾಗಿ ಕಾಣಬಹುದು. ಅದಕ್ಕೇ ಡಾಕ್ಟರುಗಳಿಗೂ ಮುಖದ ಹುಳಕಡ್ಡಿ ಒಂದೇ ನೋಟಕ್ಕೆ ಸಿಗುವುದಿಲ್ಲ.

ಮುಖಕ್ಕೆ ಬಂದಿದ್ದು ಎಲ್ಲಿಂದ

ಬಹಳ ಸಲ ನಮ್ಮದೇ ಮೈಯಿಂದ. ಸೊಂಟದಲ್ಲಿ ಕೆರೆದ ಕೈ ಕೆನ್ನೆ ಮುಟ್ಟುತ್ತದೆ. ಮೈ ಒರೆಸಿದ ಟವೆಲ್ಲಿನಿಂದಲೇ ಮುಖ ಒರೆಸುತ್ತೇವೆ. ಹಾಗಾಗಿ ಮುಖಕ್ಕೆ ಕ್ರೀಮು ಕೇಳಿದವರನ್ನು "ಬೇರೆ ಎಲ್ಲಾದರೂ ಇದೆಯಾ?" ಅಂತ ಕೇಳುತ್ತೇನೆ. ಮೊದಲು ಇಲ್ಲ ಅನ್ನುತ್ತಾರೆ, ಆಮೇಲೆ ಹೇಳುತ್ತಾರೆ. ಮುಖಕ್ಕೆ ಮಾತ್ರ ಹಚ್ಚಿ ಸೊಂಟದ್ದನ್ನು ಬಿಟ್ಟರೆ ತಿಂಗಳೊಳಗೆ ಮತ್ತೆ ಕೆನ್ನೆಗೆ ಬರಬಹುದು.

ಎರಡನೆಯದು ಮನೆಯವರಿಂದ. ಒಂದೇ ಟವೆಲ್, ಒಂದೇ ದಿಂಬು, ಒಂದೇ ಬಾಚಣಿಗೆ. ಮಂಡಕ್ಕಿ ಭಟ್ಟಿಯಲ್ಲಿ, ಹೋಟೆಲಿನ ಒಲೆ ಮುಂದೆ ಇಡೀ ದಿನ ಬೆವರುವವರ ಮನೆಗಳಲ್ಲಿ ಒಬ್ಬರಿಗೆ ಬಂದರೆ ನಾಲ್ಕು ಜನಕ್ಕೆ ಬಂದಿರುತ್ತದೆ.

ಮೂರನೆಯದನ್ನು ಜನ ಯೋಚಿಸುವುದೇ ಇಲ್ಲ, ಅದು ದನ, ಕರು, ಬೆಕ್ಕು, ನಾಯಿಮರಿ. ಕರುಗಳ ಕುತ್ತಿಗೆ ಮೇಲೆ ಬೂದಿ ಬಣ್ಣದ ದಪ್ಪ ಹೊಟ್ಟು ಕಟ್ಟಿ ಕೂದಲು ಉದುರಿರುತ್ತದೆ, ನೋಡಿರುತ್ತೀರಿ. ಅದೂ ಒಂದು ಬಗೆಯ ಹುಳಕಡ್ಡಿಯೇ. ಹಾಲು ಕರೆಯುವಾಗ ಹಸುವಿನ ಪಕ್ಕೆಗೆ ಹಣೆಯೋ ಕೆನ್ನೆಯೋ ಒರಗಿಸಿ ಕೂರುವವರಿಗೆ ಸರಿಯಾಗಿ ಅದೇ ಜಾಗಕ್ಕೆ ಬರುತ್ತದೆ. ಮಕ್ಕಳು ಬೆಕ್ಕಿನ ಮರಿಯನ್ನು ಮುಖಕ್ಕೆ ಒತ್ತಿಕೊಂಡು ಮುದ್ದು ಮಾಡಿದರೂ ಹಾಗೇ. ಆಗ ಪ್ರಾಣಿಗೂ ಔಷಧಿ ಬೇಕು, ಪಶು ವೈದ್ಯರಿಗೆ ತೋರಿಸಬೇಕು.

ಎಲ್ಲ ಮಚ್ಚೆಯೂ ಹುಳಕಡ್ಡಿ ಅಲ್ಲ

ಶಾಲೆ ಮಕ್ಕಳ ಕೆನ್ನೆ ಮೇಲೆ ಮಾಸಲು ಬಿಳಿ ಮಚ್ಚೆ ಬಂದರೆ ತಾಯಂದಿರು ಒಂದೋ ಜಂತುಹುಳದ ಔಷಧಿ ಕೇಳುತ್ತಾರೆ, ಇಲ್ಲವೇ ಫಂಗಸ್ ಕ್ರೀಮು ಕೇಳುತ್ತಾರೆ. ಸಾಮಾನ್ಯವಾಗಿ ಅದು ಎರಡೂ ಅಲ್ಲ, ಒಣ ಚರ್ಮದ ಒಂದು ಸಣ್ಣ ತೊಂದರೆ. ಎಣ್ಣೆ ಅಂಶ ಇರುವ ಸಾದಾ ಕ್ರೀಮು ಹಚ್ಚುತ್ತಾ ಹೋದರೆ ತಿಂಗಳುಗಳಲ್ಲಿ ತಾನೇ ಹೋಗುತ್ತದೆ.

ಚಿಬ್ಬು ಬೇರೆ. ಅದೂ ಫಂಗಸ್ಸೇ, ಆದರೆ ಎಲ್ಲರ ಚರ್ಮದ ಮೇಲೂ ಸುಮ್ಮನೆ ಇರುವ ಜಾತಿಯದು. ಬೆವರು, ಜಿಡ್ಡು ಹೆಚ್ಚಾದಾಗ ಜಾಸ್ತಿಯಾಗಿ ಸಣ್ಣ ಸಣ್ಣ ಬಿಳಿ ಅಥವಾ ಕಂದು ಚುಕ್ಕೆ ಮಾಡುತ್ತದೆ. ನವೆ ಅಷ್ಟಾಗಿ ಇರುವುದಿಲ್ಲ. ಚಿಕಿತ್ಸೆ ಆದ ಮೇಲೂ ಬಣ್ಣ ಮರಳಲು ಕೆಲವು ತಿಂಗಳು ಬೇಕು. ಅದನ್ನು ನೋಡಿ "ಔಷಧಿ ಹತ್ತಲಿಲ್ಲ" ಅಂತ ಹೊಸ ಟ್ಯೂಬಿಗೆ ಬರುವವರು ಬಹಳ.

ಮೂಗಿನ ಪಕ್ಕ, ಹುಬ್ಬಿನಲ್ಲಿ ಜಿಡ್ಡು ಜಿಡ್ಡಾದ ಹೊಟ್ಟು ಇದ್ದರೆ ಅದು ತಲೆಹೊಟ್ಟಿನ ಸಂಬಂಧಿ. ಹಾಲಿನಂತೆ ಬೆಳ್ಳಗೆ, ಹೊಟ್ಟಿಲ್ಲದ ಮಚ್ಚೆ ತೊನ್ನು ಇರಬಹುದು. ಇನ್ನೊಂದನ್ನು ಒತ್ತಿ ಹೇಳಬೇಕು. ನವೆ ಇಲ್ಲದ, ಮುಟ್ಟಿದ್ದು ಸರಿಯಾಗಿ ಗೊತ್ತಾಗದ ಮಾಸಲು ಅಥವಾ ಕೆಂಪು ಮಚ್ಚೆ ಕುಷ್ಠದ ಗುರುತಾಗಿರಬಹುದು. ಮುಖದ ಮಚ್ಚೆಯಲ್ಲಿ ಸ್ಪರ್ಶ ಉಳಿದಿರುವುದೂ ಉಂಟು. ಹಾಗಾಗಿ ಮನೆಯಲ್ಲೇ ಪಿನ್ನು ಚುಚ್ಚಿ ನೋಡಿ ಏನೂ ಇಲ್ಲ ಅಂತ ತೀರ್ಮಾನಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದರ ಪರೀಕ್ಷೆ, ಔಷಧಿ ಎರಡೂ ಉಚಿತ. ಬೇಗ ಹೋದರೆ ಪೂರ್ತಿ ವಾಸಿಯಾಗುತ್ತದೆ.

ಅನುಮಾನ ಇದ್ದಾಗ ಚರ್ಮದ ಡಾಕ್ಟರು ಮಾಡುವ ಪರೀಕ್ಷೆ ಬಹಳ ಸರಳ. ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಗಾಜಿನ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ಹನಿ ಚರ್ಮವನ್ನು ಕರಗಿಸುತ್ತದೆ, ಫಂಗಸ್ಸಿನ ಎಳೆಗಳು ಮಾತ್ರ ದಾರದಂತೆ ಉಳಿದು ಕಾಣುತ್ತವೆ. ಮೊದಲೇ ಫಂಗಸ್ ಕ್ರೀಮು ಹಚ್ಚಿಕೊಂಡು ಹೋದರೆ ಎಳೆ ಸಿಗದೇ ಹೋಗಬಹುದು. ಡಾಕ್ಟರ ಹತ್ತಿರ ಹೋಗುವುದು ಖಾತ್ರಿ ಇದ್ದರೆ ಏನೂ ಹಚ್ಚದೆ ಹೋಗಿ.

ಕ್ರೀಮು ಮಾಡುವ ಕೆಲಸ

ಫಂಗಸ್ಸಿನ ಒಂದೊಂದು ಕೋಶವೂ ಒಂದು ಪುಟ್ಟ ಮನೆ ಅಂದುಕೊಳ್ಳಿ. ಆ ಮನೆಯ ಗೋಡೆ ನಿಲ್ಲಲು ಒಂದು ಗಾರೆ ಬೇಕು, ಅದರ ಹೆಸರು ಎರ್ಗೋಸ್ಟೆರಾಲ್. ನಮ್ಮ ಕೋಶಗಳಲ್ಲಿ ಆ ಜಾಗದಲ್ಲಿ ಕೊಲೆಸ್ಟೆರಾಲ್ ಇರುತ್ತದೆ. ಈ ವ್ಯತ್ಯಾಸವೇ ಔಷಧಿಗೆ ದಾರಿ. ಗಾರೆ ಕಲಸುವ ಕೆಲಸಕ್ಕೆ ಫಂಗಸ್ ಒಳಗೆ ಸಾಲಾಗಿ ಕೂಲಿಯವರಿದ್ದಾರೆ. ಕ್ಲೋಟ್ರಿಮಝೋಲ್, ಮೈಕೊನಝೋಲ್, ಕೀಟೊಕೊನಝೋಲ್, ಲುಲಿಕೊನಝೋಲ್, ಹೀಗೆ 'ಝೋಲ್' ಅಂತ ಮುಗಿಯುವ ಔಷಧಿಗಳು ಆ ಸಾಲಿನ ಒಬ್ಬನನ್ನು ತಡೆಯುತ್ತವೆ. ಟರ್ಬಿನಾಫಿನ್ ಇನ್ನೂ ಹಿಂದೆ ನಿಂತ ಬೇರೊಬ್ಬನನ್ನು ತಡೆಯುತ್ತದೆ. ಗಾರೆ ಇಲ್ಲದೆ ಗೋಡೆ ಸೋರುತ್ತದೆ, ಫಂಗಸ್ ಬೆಳೆಯುವುದು ನಿಲ್ಲುತ್ತದೆ ಅಥವಾ ಸಾಯುತ್ತದೆ. ನಮ್ಮ ಗೋಡೆಗೆ ಏನೂ ಆಗುವುದಿಲ್ಲ.

ಮಾರುಕಟ್ಟೆಯಲ್ಲಿ ಕ್ಲೋಟ್ರಿಮಝೋಲ್, ಟರ್ಬಿನಾಫಿನ್, ಲುಲಿಕೊನಝೋಲ್ ಸಾಮಾನ್ಯವಾಗಿ 1% ಇರುತ್ತವೆ, ಮೈಕೊನಝೋಲ್ ಮತ್ತು ಕೀಟೊಕೊನಝೋಲ್ 2%. ಶೇಕಡಾ ಜಾಸ್ತಿ ಇದ್ದರೆ ಪವರ್ ಜಾಸ್ತಿ ಅಂತಲ್ಲ, ಒಂದೊಂದು ಔಷಧಿಯ ಅಳತೆ ಒಂದೊಂದು. ದುಬಾರಿಯದೇ ಒಳ್ಳೆಯದು ಅಂತಲೂ ಇಲ್ಲ. ಕ್ಲೋಟ್ರಿಮಝೋಲ್ ಹಳೆಯ ಔಷಧಿ, ಅಗ್ಗದ್ದು, ಜನೌಷಧಿ ಕೇಂದ್ರದಲ್ಲೂ ಸಿಗುತ್ತದೆ.

ಇಲ್ಲಿ ತಿಂಗಳ ಲೆಕ್ಕಕ್ಕೆ ವಾಪಸ್ ಬರೋಣ. ಕ್ರೀಮು ಫಂಗಸ್ಸನ್ನು ತಡೆಯುತ್ತದೆ, ಆದರೆ ಅದು ಕೂತಿದ್ದ ಸತ್ತ ಪದರ ಉದುರಿ ಹೊಸ ಪದರ ಬರುವ ತನಕ ಅಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. ನವೆ ನಿಲ್ಲುವುದು ವಾರದಲ್ಲಿ. ಪದರ ಬದಲಾಗುವುದು ತಿಂಗಳಲ್ಲಿ. ನಾವು ನಿಲ್ಲಿಸುವುದು ವಾರಕ್ಕೆ.

ಮಿಕ್ಸ್ ಟ್ಯೂಬು

ಈಗ ಆ ಎರಡು ದಿನದ ಟ್ಯೂಬಿನ ವಿಷಯ. ಅದರಲ್ಲಿ ಫಂಗಸ್ ಔಷಧಿ ಇರುತ್ತದೆ, ಜೊತೆಗೆ ಬ್ಯಾಕ್ಟೀರಿಯಾದ ಔಷಧಿ, ಅದರ ಜೊತೆ ಒಂದು ಸ್ಟಿರಾಯ್ಡ್. ಮೂರು ನಾಲ್ಕು ಔಷಧಿ ಒಂದರಲ್ಲೇ ಇದೆ ಅಂದರೆ ಜನಕ್ಕೆ ಲಾಭ ಅನ್ನಿಸುತ್ತದೆ. ಕೆಲಸ ಬೇಗ ಕಾಣುವುದು ಸ್ಟಿರಾಯ್ಡಿನಿಂದ.

ಜಗಳೂರಿನ ಕಡೆ ಮೆಕ್ಕೆಜೋಳದ ಹೊಲ ಕಾಯುವವರು ರಾತ್ರಿ ಹಂದಿ ಬಂದರೆ ಕೂಗು ಹಾಕುತ್ತಾರೆ, ಡಬ್ಬ ಬಡಿಯುತ್ತಾರೆ. ಆ ಗಲಾಟೆಯಿಂದ ನಿಮ್ಮ ನಿದ್ದೆ ಕೆಟ್ಟಿತು ಅಂತ ಕಾವಲುಗಾರನ ಬಾಯಿಗೆ ಬಟ್ಟೆ ಕಟ್ಟಿದರೆ? ಗಲಾಟೆ ನಿಲ್ಲುತ್ತದೆ. ಹಂದಿ ನೆಮ್ಮದಿಯಾಗಿ ತಿನ್ನುತ್ತದೆ. ಕೆಂಪು, ನವೆ, ಊತ ಇವೆಲ್ಲ ನಮ್ಮ ಮೈ ಹಾಕುವ ಕೂಗು. ಸ್ಟಿರಾಯ್ಡ್ ಆ ಕೂಗನ್ನು ನಿಲ್ಲಿಸುತ್ತದೆ. ಎರಡು ದಿನದಲ್ಲಿ ಮುಖ ನಯವಾಗುತ್ತದೆ, ಫಂಕ್ಷನ್ ಮುಗಿಯುತ್ತದೆ, ಟ್ಯೂಬ್ ನಿಲ್ಲಿಸುತ್ತೀರಿ. ಹತ್ತು ದಿನಕ್ಕೆ ಮೊದಲಿಗಿಂತ ದೊಡ್ಡದಾಗಿ ಬರುತ್ತದೆ. ಮತ್ತೆ ಅದೇ ಟ್ಯೂಬ್. ಉಂಗುರದೊಳಗೆ ಉಂಗುರ, ಅಂಚು ಚದುರಿ, ಕೊನೆಗೆ ಅದು ಹುಳಕಡ್ಡಿ ಅಂತ ಗುರುತೇ ಸಿಗದಂತೆ ಆಗುತ್ತದೆ. ಹೀಗೆ ಸ್ಟಿರಾಯ್ಡಿನಿಂದ ವೇಷ ಮರೆಸಿಕೊಂಡ ಹುಳಕಡ್ಡಿಯ ಬಗ್ಗೆ ಐವ್ ಮತ್ತು ಮಾರ್ಕ್ಸ್ ಎಂಬ ಇಬ್ಬರು ವೈದ್ಯರು ಬ್ರಿಟನ್ನಿನಲ್ಲಿ ಬರೆದದ್ದು 1968ರಲ್ಲಿ. ಅಂದರೆ ಇದು ಹೊಸ ಸುದ್ದಿ ಏನಲ್ಲ.

ಮುಖಕ್ಕೆ ಇದು ಯಾಕೆ ಇನ್ನೂ ಅಪಾಯ ಅಂದರೆ, ಮುಖದ ಚರ್ಮ ತೆಳು, ಹಚ್ಚಿದ್ದನ್ನು ಜಾಸ್ತಿ ಹೀರುತ್ತದೆ. ಒಂದು ಸ್ಟಿರಾಯ್ಡ್ ಮುಂಗೈ ಚರ್ಮದಲ್ಲಿ ಎಷ್ಟು ಇಳಿಯುತ್ತದೆ ಎಂಬುದನ್ನು 1 ಅಂತ ಹಿಡಿದರೆ, ಹಣೆಯಲ್ಲಿ ಸುಮಾರು 6 ಪಟ್ಟು, ದವಡೆಯ ಮೇಲೆ ಸುಮಾರು 13 ಪಟ್ಟು ಎಂದು 1967ರಲ್ಲೇ ಅಳೆದು ತೋರಿಸಿದ್ದಾರೆ. ಸೊಂಟಕ್ಕೆ ಅಂತ ಕೊಟ್ಟ ಟ್ಯೂಬನ್ನೇ ಕೆನ್ನೆಗೆ ಸವರಿದರೆ ಏನಾಗಬಹುದು ಅಂತ ಈಗ ಊಹಿಸಬಹುದು ಅಲ್ವಾ? ಚರ್ಮ ಕಾಗದದಂತೆ ತೆಳುವಾಗುತ್ತದೆ. ಕೆಂಪು ರಕ್ತನಾಳಗಳು ಜೇಡರ ಬಲೆಯಂತೆ ಕಾಣುತ್ತವೆ. ಮೊಡವೆ ಏಳುತ್ತದೆ. ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಜಾಸ್ತಿಯಾಗುತ್ತದೆ. ಕಣ್ಣಿನ ಹತ್ತಿರ ಬಹಳ ದಿನ ಹಚ್ಚಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ತೊಂದರೆ ಆಗಬಹುದು.

ನನ್ನ ಅಕ್ಕನ ಮಗಳಿಗೆ ಹೀಗೇ ಆಯಿತು. ಕಾಲೇಜು ಹುಡುಗಿ. ಬೇರೊಂದು ಅಂಗಡಿಯಿಂದ ಮಿಕ್ಸ್ ಟ್ಯೂಬ್ ತಂದು ನಾಲ್ಕು ತಿಂಗಳು ಹಚ್ಚಿದ್ದಾಳೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಲ್ಲಿಸಿದಾಗ ಮುಖ ಕೆಂಡದಂತೆ ಉರಿಯಿತು. "ಮಾಮಾ, ಹಚ್ಚಿದ್ರೆ ಮಾತ್ರ ಸರಿ ಇರುತ್ತೆ, ಬಿಟ್ರೆ ಆಗಲ್ಲ" ಅಂತ ಅತ್ತಳು. ಈ ಉರಿ ಸ್ಟಿರಾಯ್ಡ್ ಬಿಟ್ಟಾಗ ಬರುವಂಥದ್ದು. ಇದಕ್ಕೆ ಹೆದರಿ ಮತ್ತೆ ಅದೇ ಟ್ಯೂಬಿಗೆ ಹೋದರೆ ಹೊರಗೆ ಬರುವ ದಾರಿ ಇನ್ನೂ ದೂರ. ಚರ್ಮದ ಡಾಕ್ಟರು ಹಂತ ಹಂತವಾಗಿ ಬಿಡಿಸುತ್ತಾರೆ, ಉರಿಗೆ ಬೇರೆ ಔಷಧಿ ಕೊಡುತ್ತಾರೆ. ಅವಳಿಗೆ ಪೂರ್ತಿ ಸರಿಯಾಗಲು ಒಂದು ವರ್ಷದ ಹತ್ತಿರ ಬೇಕಾಯಿತು.

ಸ್ಟಿರಾಯ್ಡ್ ಅಂದರೆ ವಿಷ ಅಂತ ನಾನು ಹೇಳುತ್ತಿಲ್ಲ. ಬೇರೆ ಎಷ್ಟೋ ಚರ್ಮರೋಗಕ್ಕೆ ಅದು ಬೇಕು, ಡಾಕ್ಟರು ಹೇಳಿದ ಅಳತೆಗೆ, ಹೇಳಿದಷ್ಟು ದಿನಕ್ಕೆ. ಹುಳಕಡ್ಡಿಗೆ ನೀವೇ ಕೊಂಡು ಹಚ್ಚುವ ಔಷಧಿ ಅದಲ್ಲ, ಅಷ್ಟೇ.

ಟ್ಯೂಬಿನ ಹಿಂದೆ ಓದುವುದು

ಮುಂದಿನ ದೊಡ್ಡ ಹೆಸರು ಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಗಳ ಹೆಸರು ಇರುತ್ತದೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕಾಣದಿದ್ದರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಇಲ್ಲವೇ ಮನೆಯ ಮಕ್ಕಳಿಂದ ಓದಿಸಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಫ್ಲುಸಿನೊಲೋನ್, ಡೆಕ್ಸಾಮೆಥಾಸೋನ್, ಇವುಗಳಲ್ಲಿ ಒಂದಿದ್ದರೂ ಅದು ಸ್ಟಿರಾಯ್ಡ್ ಟ್ಯೂಬು. ಒಂದು ಎಚ್ಚರ: ಕ್ಲೋಟ್ರಿಮಝೋಲ್ ಮತ್ತು ಕ್ಲೋಬೆಟಾಸಾಲ್ ಕೇಳಲು ಅಣ್ಣತಮ್ಮನಂತಿವೆ. ಮೊದಲನೆಯದು ಫಂಗಸ್ ಔಷಧಿ, ಎರಡನೆಯದು ತುಂಬಾ ಬಲವಾದ ಸ್ಟಿರಾಯ್ಡ್. ಫೋನಲ್ಲಿ ಹೆಸರು ಹೇಳಿ ತರಿಸುವಾಗ ಇಲ್ಲೇ ತಪ್ಪಾಗುವುದು. ಬರೆದು ಕಳಿಸಿ.

ಕೇಂದ್ರ ಸರ್ಕಾರ 2018ರಲ್ಲಿ ಹಚ್ಚುವ ಸ್ಟಿರಾಯ್ಡುಗಳಲ್ಲಿ 14ನ್ನು ಶೆಡ್ಯೂಲ್ ಎಚ್ ಪಟ್ಟಿಯ ಕಟ್ಟುಪಾಡಿಗೆ ತಂದಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಅಂಥ ಟ್ಯೂಬಿನ ಮೇಲೆ ಆ ಎಚ್ಚರಿಕೆ ಅಚ್ಚಾಗಿರುತ್ತದೆ. ಅದು ಕಂಡರೆ ಚೀಟಿ ಇಲ್ಲದೆ ಮನೆಗೆ ತರಬೇಡಿ, ಅಂಗಡಿಯವರು ಕೊಟ್ಟರೂ ಸರಿ.

ಹಚ್ಚುವ ರೀತಿ

ಚರ್ಮದ ಡಾಕ್ಟರುಗಳು ಎರಡರ ಲೆಕ್ಕ ಅಂತ ಹೇಳುವುದುಂಟು. ದಿನಕ್ಕೆ ಎರಡು ಸಲ, ಕೆಂಪು ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯ ತನಕ, ಪೂರ್ತಿ ಹೋದ ಮೇಲೂ ಇನ್ನೆರಡು ವಾರ. ಗುಡ್ಡದ ಬೆಂಕಿ ನೆನಪಿದೆಯಲ್ಲ, ಅರಣ್ಯ ಇಲಾಖೆಯವರು ಬೆಂಕಿ ಗೆರೆ ಮಾಡುವುದು ಉರಿಯುವ ಜಾಗದಲ್ಲಲ್ಲ, ಅದರ ಆಚೆ. ಹಾಗೇ ಕ್ರೀಮನ್ನೂ ಹೊರಗಿನಿಂದ ಒಳಗೆ ಹಚ್ಚಿಕೊಂಡು ಬನ್ನಿ. ಲುಲಿಕೊನಝೋಲ್‌ನಂಥ ಕೆಲವು ದಿನಕ್ಕೆ ಒಂದೇ ಸಲ ಸಾಕು, ಟ್ಯೂಬಿನ ಜೊತೆಯ ಚೀಟಿಯಲ್ಲಿ ಇರುತ್ತದೆ.

ಮುಖ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಸವರಿ. ದಪ್ಪಗೆ ಬಳಿದರೆ ಬೇಗ ಹೋಗುವುದಿಲ್ಲ. ಎಷ್ಟು ಬೇಕು ಅಂತ ಲೆಕ್ಕ ಹಾಕೋಣ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ತನಕ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿ ಎರಡು ಅಂಗೈ ಅಗಲಕ್ಕೆ ಸಾಕು. ನಿಮ್ಮ ಮಚ್ಚೆ, ಅದರ ಸುತ್ತಲಿನ ಜಾಗ ಸೇರಿ ಒಂದು ಅಂಗೈ ಅಗಲ ಇದ್ದರೆ ಒಂದು ಸಲಕ್ಕೆ ಕಾಲು ಗ್ರಾಂ, ದಿನಕ್ಕೆ ಅರ್ಧ ಗ್ರಾಂ, 28 ದಿನಕ್ಕೆ 14 ಗ್ರಾಂ. ಅಂದರೆ 15 ಗ್ರಾಮಿನ ಒಂದು ಟ್ಯೂಬು ನಾಲ್ಕು ವಾರಕ್ಕೆ ಸರಿಯಾಗುತ್ತದೆ. ಎರಡು ತಿಂಗಳಾದರೂ ಅರ್ಧ ಉಳಿದಿದೆ ಅಂದರೆ ನೀವು ಹಚ್ಚಿದ್ದು ಕಡಿಮೆ.

ಕಣ್ಣಿನೊಳಗೆ, ತುಟಿಯೊಳಗೆ ಹೋಗದಂತೆ ನೋಡಿಕೊಳ್ಳಿ. ಹಚ್ಚಿದ ಮೇಲೆ ಕೈ ತೊಳೆಯಿರಿ. ಸ್ವಲ್ಪ ಚುರುಚುರು ಅನ್ನಿಸಬಹುದು, ಆದರೆ ಊದಿಕೊಂಡರೆ, ಗುಳ್ಳೆ ಬಂದರೆ ನಿಲ್ಲಿಸಿ. ಬೆಳ್ಳುಳ್ಳಿ ಅರೆದು ಕಟ್ಟುವುದು, ಸುಣ್ಣ, ಸೀಮೆಎಣ್ಣೆ ಹಚ್ಚುವುದು ಮುಖಕ್ಕೆ ಬೇಡವೇ ಬೇಡ. ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ, ಫಂಗಸ್ ಪಕ್ಕದಲ್ಲೇ ಇರುತ್ತದೆ. ಬೆಂಜೋಯಿಕ್ ಮತ್ತು ಸ್ಯಾಲಿಸಿಲಿಕ್ ಆಸಿಡ್ ಇರುವ ಹಳೇ ಕಾಲದ ಗಜಕರ್ಣದ ಮುಲಾಮು ದಪ್ಪ ಚರ್ಮಕ್ಕೆ ಆದೀತು, ಮುಖಕ್ಕೆ ಬೇಡ.

ಟವೆಲ್, ದಿಂಬಿನ ಕವರು ಪ್ರತಿಯೊಬ್ಬರಿಗೂ ಬೇರೆ ಇರಲಿ, ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಿಸಿಲಿಗಂತೂ ನಮ್ಮೂರಲ್ಲಿ ಬರ ಇಲ್ಲ. ಮನೆಯಲ್ಲಿ ಇನ್ನೊಬ್ಬರಿಗಿದ್ದರೆ ಒಟ್ಟಿಗೇ ಚಿಕಿತ್ಸೆ ಶುರು ಮಾಡಿ.

ಸರಿಯಾಗಿ ಹಚ್ಚಿದರೂ ಹೋಗದಿದ್ದರೆ

ಇದು ನಿಮ್ಮ ತಪ್ಪಲ್ಲದೆಯೂ ಇರಬಹುದು. ನಮ್ಮ ದೇಶದಲ್ಲಿ ಈಗ ಹರಡಿರುವ ಒಂದು ಫಂಗಸ್ಸಿಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಅಂತ ಹೆಸರಿಟ್ಟರು. 'ಇಂಡೊ' ಅಂದರೆ ಭಾರತವೇ. ಇದರಲ್ಲಿ ಬಹಳಷ್ಟಕ್ಕೆ ಟರ್ಬಿನಾಫಿನ್ ನಾಟುವುದಿಲ್ಲ. ಗಾರೆ ಕಲಸುವ ಆ ಕೂಲಿಯವನ ಆಕಾರವೇ ಸ್ವಲ್ಪ ಬದಲಾಗಿದೆ, ಔಷಧಿ ಅವನನ್ನು ಹಿಡಿಯಲಾರದು. ಅಂಥದ್ದಕ್ಕೆ ಡಾಕ್ಟರು ಬೇರೆ ಮಾತ್ರೆ ಕೊಡುತ್ತಾರೆ, ವಾರಗಟ್ಟಲೆ ತೆಗೆದುಕೊಳ್ಳಬೇಕು. ಆ ಮಾತ್ರೆಗಳು ಬೇರೆ ಔಷಧಿಗಳ ಜೊತೆ ಜಗಳ ಆಡುತ್ತವೆ, ಆದ್ದರಿಂದ ನೀವೇ ಕೊಂಡು ನುಂಗಬೇಡಿ.

ಎರಡು ವಾರಕ್ಕೆ ಏನೂ ಇಳಿದಿಲ್ಲ ಅಂದರೆ ಟ್ಯೂಬ್ ಬದಲಿಸುತ್ತಾ ಕೂರದೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಗಡ್ಡ ಮೀಸೆಯೊಳಗೆ, ತಲೆಕೂದಲಿನೊಳಗೆ ಬಂದಿದ್ದರೆ ಕಾಯಲೇಬೇಡಿ. ಅಲ್ಲಿ ಫಂಗಸ್ ಕೂದಲಿನ ಬೇರಿಗೆ ಇಳಿದಿರುತ್ತದೆ, ಕ್ರೀಮು ಅಲ್ಲಿಗೆ ಮುಟ್ಟುವುದಿಲ್ಲ, ಮಾತ್ರೆಯೇ ಬೇಕು. ರೆಪ್ಪೆಯ ಹತ್ತಿರ ಇದ್ದರೆ, ಕೈಕೂಸಿಗೆ ಬಂದಿದ್ದರೆ, ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಈಗಾಗಲೇ ಮಿಕ್ಸ್ ಟ್ಯೂಬ್ ಹಚ್ಚಿದ್ದರೂ ಮೊದಲೇ ಹೋಗಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ ಇದೆ.

ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದದ್ದನ್ನೂ, ಪಕ್ಕದ ಮನೆಯವರು ಕೊಟ್ಟದ್ದನ್ನೂ ಒಂದು ಕವರಲ್ಲಿ ಹಾಕಿಕೊಂಡು ಹೋಗಿ. ಬೈಸಿಕೊಳ್ಳಬೇಕಾಗುತ್ತದೆ ಅಂತ ಮುಚ್ಚಿಡಬೇಡಿ. ನನ್ನ ಅಕ್ಕನ ಮಗಳು ಆ ಖಾಲಿ ಟ್ಯೂಬನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ ಮೇಲೆಯೇ ಡಾಕ್ಟರಿಗೆ ಅವಳ ಮುಖಕ್ಕೆ ಏನಾಗಿದೆ ಅಂತ ಗೊತ್ತಾಗಿದ್ದು.